ತೋತಾಪುರಿಗೆ ಅಮ್ಮ ಬಂದದ್ದು

ನನ್ನ ಮೇಜಿನ ಮೇಲೆ ಪೆನ್ನು ಪೆನ್ಸಿಲುಗಳ ಜೊತೆ ಒಂದು ಲ್ಯಾಕ್ಟೋಮೀಟರ್ ನಿಂತಿದೆ. ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡಲು ಡೈರಿಗಳಲ್ಲಿ ಇಟ್ಟುಕೊಳ್ಳುವ ಗಾಜಿನ ಕೊಳವೆ ಅದು. ಕೆಳಗೆ ಹೊಟ್ಟೆ ದಪ್ಪ, ಮೇಲೆ ಕತ್ತು ಸಣ್ಣ. ಕತ್ತಿನ ಮೇಲೆ ಎರಡು ಗೆರೆ: ಕೆಳಗಿನದು ಹಾಲಿನದು, ಮೇಲಿನದು ನೀರಿನದು. ನನ್ನ ಕೋಣೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಮೊನ್ನೆ ಪಕ್ಕದ ಕೋಣೆಯವಳು, ಹಾಸ್ಟೆಲ್ಲಿನ ಹಾಲು ಅಷ್ಟೊಂದು ಮೋಸವೇ ಎಂದು ಕೇಳಿದಳು. ಇದು ಹಾಲಿಗಲ್ಲ, ಸಮುದ್ರಕ್ಕೆ ಎಂದೆ. ಅವಳು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ನಾನು ಹೆಚ್ಚು ಮಾತಿನವಳಲ್ಲ. ಆಡುವ ಒಂದೆರಡು ಮಾತೂ ಹೀಗೆ ಎದುರಿನವರನ್ನು ಹೆದರಿಸಿಬಿಡುತ್ತವೆ. ಅವಳಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನೀವು ಬಾಗಿಲ ಬಳಿ ನಿಂತಿಲ್ಲವಲ್ಲ.

ಹೇಳುವುದಾದರೆ ಉಪ್ಪಿನಕಾಯಿಯಿಂದ ಶುರುಮಾಡಬೇಕು. ಶ್ರೀನಿವಾಸಪುರದಲ್ಲಿ ಯಾವ ಕಥೆಯೂ ಮಾವನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಮಾವಿನ ಮಂಡಿ ಚಿಕ್ಕಪ್ಪನದು, ಮಾವಿನ ಜಾಡಿ ಅಜ್ಜಿಯದು. ಮಂಡಿಯಲ್ಲಿ ಏನು ಬೇಕಾದರೂ ಕೆಡಬಹುದು, ಜಾಡಿಯಲ್ಲಿ ಕೆಡಕೂಡದು. ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಆ ಜಾಡಿಗಳು ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಸಾಲಾಗಿ ಕೂತಿರುತ್ತಿದ್ದವು. ಚಿಕ್ಕಂದಿನಲ್ಲಿ ನನಗೆ ಅವು ಹಲ್ಲುನೋವು ಬಂದು ಮಾತು ಬಿಟ್ಟ ಹೆಂಗಸರ ಹಾಗೆ ಕಾಣುತ್ತಿದ್ದವು. ಆ ಕೋಣೆಗೆ ಒದ್ದೆ ಕೈಯಲ್ಲಿ ಹೋಗುವಂತಿರಲಿಲ್ಲ. ತಲೆಗೆ ನೀರು ಹಾಕಿಕೊಂಡು ಕೂದಲು ಒಣಗುವ ಮೊದಲು ಹೋಗುವಂತಿರಲಿಲ್ಲ. ಒಮ್ಮೆ ನಾನು ಯಾವುದೋ ದುಃಖಕ್ಕೆ ಅಳುತ್ತಾ ಅಜ್ಜಿಯನ್ನು ಹುಡುಕಿಕೊಂಡು ಒಳಗೆ ನುಗ್ಗಿದೆ. ಅಜ್ಜಿ ಬೈಯಲು ಬಾಯಿ ತೆರೆದವಳು ಒಂದು ಕ್ಷಣ ಯೋಚಿಸಿ, ಕಣ್ಣೀರಾದರೆ ಪರವಾಗಿಲ್ಲ, ಅದರಲ್ಲಿ ಉಪ್ಪಿದೆ ಎಂದು ಬಿಟ್ಟುಬಿಟ್ಟಳು.

ಅಜ್ಜಿಯ ಧರ್ಮ ಚಿಕ್ಕದು. ಜಾಡಿಯಲ್ಲಿ ಉಪ್ಪುನೀರು ಇಳಿದು ಮಿಡಿಗಳು ತಲೆ ಎತ್ತಿದರೆ ಬೂಸು ಹಿಡಿಯುತ್ತದೆ. ಹಿಡಿಯಬಾರದೆಂದರೆ ಕಾಯಿಸಿ ಆರಿಸಿದ ಉಪ್ಪುನೀರನ್ನೇ ಮೇಲೆ ತುಂಬಿಸಬೇಕು. ಬರೀ ನೀರು ಒಂದು ತೊಟ್ಟು ಬಿದ್ದರೂ ಜಾಡಿ ಹೋಯಿತು, ಮನೆಯ ಮರ್ಯಾದೆಯೂ ಹೋಯಿತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅದನ್ನು ಎಲ್ಲರೂ ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು ಎಂದರೆ, ಅದರಿಂದಲೇ ಮೂರು ಜೀವ ಹೋಗುವುದರಲ್ಲಿತ್ತು.

ಇನ್ನು ಚಿಕ್ಕಪ್ಪ. ಅವನಿಗೆ ಪ್ರತಿ ವರ್ಷ ಮಾವಿನ ಸುಗ್ಗಿ ಮುಗಿಯುವಾಗ ಒಂದು ಹೊಸ ಹುಚ್ಚು ಹಿಡಿಯುತ್ತಿತ್ತು. ಒಂದು ವರ್ಷ ಬಿಳಿ ಮೊಲ. ಇನ್ನೊಂದು ವರ್ಷ ಹಿತ್ತಲಲ್ಲಿ ದ್ರಾಕ್ಷಿ ಚಪ್ಪರ. ಅದರಲ್ಲಿ ಬಿಟ್ಟ ಒಂದೇ ಗೊಂಚಲನ್ನು ಮೊಲ ತಿಂದಿತು. ನಾನು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮನೆಗೆ ಬಂದ ಬೇಸಿಗೆಯಲ್ಲಿ ಅವನು ಹಣ್ಣಿನ ಲಾರಿಯ ಜೊತೆ ಮದ್ರಾಸಿಗೆ ಹೋಗಿದ್ದ. ಅಲ್ಲಿ ಹಣ್ಣು ಕೊಳ್ಳುವ ಸಾಹುಕಾರರ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿ, ತೊಟ್ಟಿಯಲ್ಲಿ ಸಮುದ್ರದ ನೀರು, ನೀರಿನಲ್ಲಿ ಬಣ್ಣಬಣ್ಣದ ಸಮುದ್ರದ ಮೀನು. ನೋಡಿದ ಮೇಲೆ ಚಿಕ್ಕಪ್ಪನಿಗೆ ಊಟ ಸೇರಲಿಲ್ಲವಂತೆ. ಮರಳಿ ಬಂದ ಲಾರಿಯಲ್ಲಿ ಖಾಲಿ ಮಂಕರಿಗಳ ನಡುವೆ ಒಂದು ಟ್ರಂಕಿನಷ್ಟು ದೊಡ್ಡ ಗಾಜಿನ ತೊಟ್ಟಿ ಇತ್ತು, ಕ್ಯಾನುಗಳ ತುಂಬ ಸಮುದ್ರ ಇತ್ತು. ಮುಂದೆ, ಡ್ರೈವರ್ ಖಾದರ್ ಸಾಬರ ಪಕ್ಕದಲ್ಲಿ, ಚಿಕ್ಕಪ್ಪ ಮೂರು ಮೀನಿನ ಪ್ಲಾಸ್ಟಿಕ್ ಚೀಲಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಣಂತಿಯನ್ನು ಕರೆತಂದವನ ಗಾಂಭೀರ್ಯದಲ್ಲಿ ಕೂತಿದ್ದ.

ದಾರಿಯ ಚೆಕ್‌ಪೋಸ್ಟಿನಲ್ಲಿ ಕ್ಯಾನುಗಳನ್ನು ಕಂಡು ಸಾರಾಯಿ ಎಂದು ಇಳಿಸಿದರಂತೆ. ಸಮುದ್ರದ ನೀರು ಎಂದರೆ ಯಾರು ನಂಬುತ್ತಾರೆ? ಒಬ್ಬರು ಮೂಸಿ ನೋಡಿದರು. ಇನ್ನೊಬ್ಬರು ಕರ್ತವ್ಯನಿಷ್ಠರು, ಅಂಗೈಯಲ್ಲಿ ಹಾಕಿಸಿಕೊಂಡು ಕುಡಿದೇ ನೋಡಿದರು. ಆಮೇಲೆ ಲಾರಿ ಬಿಡಲು ತಡವಾಗಲಿಲ್ಲ. ಖಾದರ್ ಸಾಬರು ಅಜ್ಜಿಗೆ ಇದನ್ನು ಹೇಳಿ, ನಗದೆ, ಮುಖ ಸಪ್ಪಗೆ ಮಾಡಿಕೊಂಡು ಕೊನೆಗೆ ಒಂದು ಮಾತು ಸೇರಿಸಿದರು:

"ಇಪ್ಪತ್ತು ವರ್ಷದಿಂದ ಹಣ್ಣು ತೊಗೊಂಡ್ ಹೋಗ್ತಾ ಇದೀನಮ್ಮ. ಸಮಂದರ್ ಲೋಡ್ ಮಾಡಿದ್ದು ಇದೇ ಮೊದ್ಲು."

ಮೀನುಗಳಿಗೆ ಹೆಸರಿಡಬೇಕಾಯಿತು. ಮಂಡಿಯವನು ಮಾವಿನ ತಳಿಗಳದ್ದಲ್ಲದೆ ಇನ್ಯಾವ ಹೆಸರಿಡುತ್ತಾನೆ? ಕೆಂಪು ಮೈಗೆ ಬಿಳಿ ಪಟ್ಟಿ ಇದ್ದದ್ದು ಸೇಂದೂರ. ನೀಲಿಯದು ನೀಲಂ. ಅಂಗೈಯಷ್ಟು ಅಗಲ, ಹಳದಿ ಮೈ, ಮೂತಿ ಮಾತ್ರ ಗಿಣಿಯ ಕೊಕ್ಕಿನ ಹಾಗೆ ಚೂಪಾಗಿದ್ದದ್ದು ತೋತಾಪುರಿ. ಅಲ್ಲಿಯವರೆಗೆ ನಮ್ಮ ಮನೆಗೆ ಬಂದ ಮೀನೆಲ್ಲ ಕೆರೆಯ ಮೀನು. ಬಂದದ್ದೆಲ್ಲ ಖಾರ ಹಚ್ಚಿಸಿಕೊಂಡೇ ಹೋಗಿತ್ತು. ಆದ್ದರಿಂದ ಮೊದಲ ವಾರವಿಡೀ ಬಂದ ನೆಂಟರು ತೊಟ್ಟಿ ನೋಡಿ, ಯಾವತ್ತು ಎಂದು ಕೇಳುತ್ತಿದ್ದರು. ಚಿಕ್ಕಪ್ಪನಿಗೆ ಕೋಪ ಬರುತ್ತಿತ್ತು. ಅಜ್ಜಿ ಹೊರಗೆ ಏನೂ ತೋರಿಸಿಕೊಳ್ಳದಿದ್ದರೂ ತೋತಾಪುರಿಯ ಎದುರಿಗೇ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಳು. ಅದು ಗಾಜಿಗೆ ಮೂತಿ ತಾಗಿಸಿ ಬಾಯಿ ಆಡಿಸಿದರೆ ಅಜ್ಜಿಯೂ ಎಲೆಯಡಿಕೆಯ ಬಾಯಿ ಆಡಿಸುವಳು. ಇಬ್ಬರೂ ಎಷ್ಟೋ ಹೊತ್ತು ಹಾಗೆ ಸಂಭಾಷಣೆ ನಡೆಸುತ್ತಿದ್ದರು.

ತೊಟ್ಟಿಗೆ ಗಾಳಿ ಊದುವ ಒಂದು ಪುಟ್ಟ ಯಂತ್ರವೂ ಬಂದಿತ್ತು. ಆದರೆ ಕರೆಂಟು ನಮ್ಮ ಊರಿಗೆ ನೆಂಟರ ಹಾಗೆ ಬಂದು ಹೋಗುತ್ತಿದ್ದ ಕಾಲ ಅದು. ಕರೆಂಟು ಹೋದ ಕೂಡಲೇ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು, ತೊಟ್ಟಿಯ ನೀರನ್ನು ಚೊಂಬಿನಲ್ಲಿ ಎತ್ತಿ ಎತ್ತಿ, ಕಾಫಿ ಆರಿಸುವ ಹಾಗೆ ಮೇಲಿನಿಂದ ಧಾರೆಯಾಗಿ ಹೊಯ್ಯುತ್ತಿದ್ದಳು. ನೊರೆ ಬರುತ್ತಿತ್ತು. ಮೀನುಗಳಿಗೆ ಗಾಳಿ ಸಿಗುತ್ತಿತ್ತು. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದ ನಾನು ಈ ವಿಧಾನದಲ್ಲಿ ತಪ್ಪು ಹುಡುಕಲು ಹೋಗಿ ಸೋತೆ.

ನನ್ನ ವಿದ್ಯೆಯ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಸಮುದ್ರದ ಮೀನುಗಳ ಹೆಸರು, ವಂಶ, ಮುಳ್ಳುಗಳ ಲೆಕ್ಕ ನನಗೆ ಬಾಯಿಪಾಠವಿತ್ತು. ಆದರೆ ನಾನು ಆವರೆಗೆ ಕಂಡ ಮೀನುಗಳೆಲ್ಲ ಬಾಟಲಿಯಲ್ಲಿ, ಫಾರ್ಮಲಿನ್ನಿನಲ್ಲಿ ಇದ್ದವು. ಅವಕ್ಕೆ ಕಾಯಿಲೆ ಬರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಮನಸ್ಸೆಲ್ಲ ಒಂದೇ ಕಡೆ ಇತ್ತು. ಕರಾವಳಿಯಲ್ಲಿ, ಸಮುದ್ರದ ಮೀನುಗಳ ಮೇಲೆ ಸಂಶೋಧನೆ ಮಾಡಲು ನನಗೆ ಜಾಗ ಸಿಕ್ಕಿತ್ತು. ಮಳೆಗಾಲ ಶುರುವಾಗುವ ಹೊತ್ತಿಗೆ ಹೋಗಿ ಸೇರಬೇಕು. ಅಪ್ಪನನ್ನು ಕೇಳಿದೆ. ಅಪ್ಪ ಹುಟ್ಟಿದಾಗಿನಿಂದ ಯಾವ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟವನು: ಅಮ್ಮನ್ನ ಕೇಳು. ಅವನ ಅಮ್ಮನೆಂದರೆ ನಮ್ಮ ಅಜ್ಜಿ. ಅಜ್ಜಿಯ ಭೂಗೋಳದಲ್ಲಿ, ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಅದೇ ಬಸ್ಸಿನಲ್ಲಿ ಹಿಂದಿರುಗಬಹುದಾದದ್ದು ಊರು. ಕೋಲಾರ ಊರು, ಮುಳಬಾಗಿಲು ಊರು, ಮಾಲೂರೂ ಊರೇ; ಬೆಂಗಳೂರನ್ನು ಬಹಳ ಕಷ್ಟಪಟ್ಟು ಊರುಗಳ ಸಾಲಿಗೆ ಸೇರಿಸಿಕೊಂಡಿದ್ದಳು. ಉಳಿದದ್ದೆಲ್ಲ ಪರದೇಶ. ನಾನು ವಿಷಯ ಹೇಳಿದಾಗ ಅಜ್ಜಿ ತೋತಾಪುರಿಯ ಎದುರು ಕೂತಿದ್ದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಪೂರ್ತಿ ಜಗಿದು ಮುಗಿಸಿದಳು. ಆಮೇಲೆ ತೊಟ್ಟಿಯ ಕಡೆ ಗದ್ದ ತೋರಿಸಿದಳು.

"ಮೊದ್ಲು ಇವನ್ನ ನೋಡ್ಕೋ ಪಾಪ. ಪೆಟ್ಟಿಗೇಲಿರೋ ಸಮುದ್ರ ನೋಡ್ಕೊಳ್ಳಾಕೆ ಬಂದ್ರೆ, ಆಚೆ ಇರೋ ಸಮುದ್ರದ ಮಾತಾಡಾನ."

ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ಪಾಪ ಎನ್ನುತ್ತಾರೆ. ಎಂ.ಎಸ್ಸಿ. ಆದಮೇಲೂ ನಾನು ಪಾಪಳೇ. ಅವತ್ತು ಮಾತ್ರ ಆ ಶಬ್ದದ ಬೇರೆ ಅರ್ಥವೂ ನನಗೆ ಸರಿಯಾಗಿ ಹೊಂದುತ್ತಿತ್ತು. ಏಕೆಂದರೆ ಅದೇ ವಾರ ಮೀನುಗಳು ಕಾಯಿಲೆ ಬಿದ್ದವು.

ಮೊದಲು ಸೇಂದೂರ ಮೈಯನ್ನು ಕಲ್ಲಿಗೆ ಉಜ್ಜಲು ಶುರುಮಾಡಿತು, ಎಮ್ಮೆ ಗೋಡೆಗೆ ಉಜ್ಜಿಕೊಳ್ಳುವ ಹಾಗೆ. ನೀಲಂ ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ಮೂಲೆ ಹಿಡಿಯಿತು. ತೋತಾಪುರಿ ಅಜ್ಜಿಯ ಜೊತೆ ಮಾತು ಬಿಟ್ಟಿತು. ಅದರ ಕಿವಿರು ಓಡಿಬಂದವರ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಮೂರರ ಮೈಮೇಲೂ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣಿಸಿದವು.

ಚಿಕ್ಕಮ್ಮ ಕಂಡವಳೇ ಕೈಮುಗಿದಳು. ಅವಳಿಗೆ ಅನುಮಾನವೇ ಇರಲಿಲ್ಲ. ಮೈತುಂಬ ಚುಕ್ಕೆ ಎದ್ದಿದೆ, ಅನ್ನ ಬಿಟ್ಟಿವೆ, ಮೂಲೆ ಹಿಡಿದಿವೆ ಎಂದರೆ ಅಮ್ಮ ಬಂದಿದ್ದಾಳೆ. ಸಿಡುಬು ಎಂದು ಹೆಸರು ಹೇಳಬಾರದು, ಅಮ್ಮ ಎನ್ನಬೇಕು. ಮಕ್ಕಳಿಗೆ ಅಮ್ಮ ಬಂದಾಗ ಮಾಡುವುದನ್ನೆಲ್ಲ ಮಾಡಬೇಕು. ಬಾಗಿಲಿಗೆ ಬೇವಿನ ಸೊಪ್ಪು ಬಂತು. ತೊಟ್ಟಿಯ ನಾಲ್ಕೂ ಮೂಲೆಗೆ ಬೇವಿನ ಸೊಪ್ಪು ಬಂತು. ಮನೆಯಲ್ಲಿ ಕರಿಯುವುದು ನಿಂತಿತು, ಮಾಂಸ ನಿಂತಿತು, ಎಲ್ಲಕ್ಕಿಂತ ಮುಖ್ಯವಾಗಿ ಒಗ್ಗರಣೆ ನಿಂತಿತು. ಅಮ್ಮ ಮನೆಯಲ್ಲಿರುವಾಗ ಒಗ್ಗರಣೆಯ ಚಟಪಟ, ಘಾಟು ಆಗದು. ಸಾಸಿವೆ ಸಿಡಿಯದ ಸಾರು ತಿಂದಿದ್ದೀರಾ? ಅದು ಬೇಯಿಸಿದ ಬೇಸರ. ಚಿಕ್ಕಪ್ಪ ಎರಡು ಊಟದಲ್ಲೇ ಕುಗ್ಗಿಹೋದ.

ಬೇವು ಕಂಡವರು ಒಳಗೆ ಬರುವಂತಿಲ್ಲ. ಹಣ್ಣಿನ ವ್ಯಾಪಾರಿಗಳು ಬೀದಿಯಲ್ಲೇ ನಿಂತು ಚಿಕ್ಕಪ್ಪನನ್ನು ಕರೆಯತೊಡಗಿದರು. ಮನೆಯಲ್ಲಿ ಯಾರಿಗೆ ಎಂದು ಮರ್ಯಾದೆಗೆ ಕೇಳುತ್ತಿದ್ದರು. ಚಿಕ್ಕಪ್ಪ ಕತ್ತು ಬಗ್ಗಿಸಿ, ಮೂವರಿಗೂ ಎನ್ನುತ್ತಿದ್ದ. ಅವರು ಅಯ್ಯೋ ಪಾಪ ಎಂದು ಮನೆಗೆ ಎಳನೀರು ಕಳಿಸಿದರು. ನಾವು ಕುಡಿದೆವು.

ಅಜ್ಜಿ ಈ ರೋಗನಿರ್ಣಯವನ್ನು ಒಪ್ಪಲಿಲ್ಲ. ಸೊಸೆಯ ಬೇವಿಗೆ ಅಡ್ಡ ಬರಲಿಲ್ಲ, ಅಷ್ಟೇ. ಅವಳು ಕನ್ನಡಕ ಏರಿಸಿ ತೊಟ್ಟಿಯನ್ನು ಮೇಲಿನಿಂದ, ಪಕ್ಕದಿಂದ ನೋಡಿ, ಜೀವಮಾನವಿಡೀ ಜಾಡಿಗಳ ಒಳಗೆ ನೋಡಿದವಳ ಅಧಿಕಾರದಿಂದ ತೀರ್ಪು ಕೊಟ್ಟಳು.

"ಬೂಸು. ಉಪ್ಪು ಸಾಲ್ದು."

ಆಮೇಲೆ ಒಂದು ಹಿಡಿ ಕಲ್ಲುಪ್ಪು ತಂದು ತೊಟ್ಟಿಗೆ ಹಾಕಿದಳು. ನಾನು ಬೇಡ ಅಜ್ಜಿ ಎನ್ನುವಷ್ಟರಲ್ಲಿ ಅದು ಕರಗಿತ್ತು. "ಏಮೇ, ನೀಕೇಮಿ ತೆಲುಸು," ಎಂದಳು. ಅಜ್ಜಿಗೆ ಕೋಪ ಬಂದರೆ ತೆಲುಗು ಬರುತ್ತಿತ್ತು. ನಿನಗೇನು ಗೊತ್ತು ಎನ್ನುವುದನ್ನು ತೆಲುಗಿನಲ್ಲಿ ಕೇಳಿದರೆ ಇನ್ನೂ ಸ್ವಲ್ಪ ಕಡಿಮೆ ಗೊತ್ತಿದೆ ಅನಿಸುತ್ತದೆ.

ನನಗೆ ಗೊತ್ತಿದ್ದದ್ದು ಇಷ್ಟು. ಚುಕ್ಕೆಗಳು ಅಮ್ಮನೂ ಅಲ್ಲ, ಬೂಸೂ ಅಲ್ಲ. ಮೀನಿನ ಚರ್ಮದೊಳಗೆ ಮನೆ ಮಾಡುವ, ಕಣ್ಣಿಗೆ ಕಾಣದ ಒಂದು ಜೀವಿ. ಅದಕ್ಕೆ ತಾಮ್ರದ ಔಷಧ ಕೊಡಬಹುದು ಎಂದು ಓದಿದ್ದೆ. ತಾಮ್ರ ಎಂದರೆ ಮೈಲುತುತ್ತ. ಮಾವಿನ ತೋಟಕ್ಕೆ ಸಿಂಪಡಿಸಲು ತಂದ ಮೈಲುತುತ್ತ ನಮ್ಮ ಕೊಟ್ಟಿಗೆಯಲ್ಲಿ ಮೂಟೆಗಟ್ಟಲೆ ಇತ್ತು. ಚಿಕ್ಕಪ್ಪ ಕೇಳಿದ್ದೇ ತಡ, ಬೊಗಸೆ ತುಂಬ ತಂದುಬಿಟ್ಟ. ನೀಲಿ ಕಲ್ಲುಸಕ್ಕರೆಯಂತಹ ಆ ಬೊಗಸೆಯಲ್ಲಿ ಮದ್ರಾಸಿನ ಬಂದರಿನ ಮೀನುಗಳನ್ನೆಲ್ಲ ಕೊಲ್ಲುವಷ್ಟು ಇತ್ತು. ಬೇಕಾದದ್ದು ಸಾಸಿವೆ ಕಾಳಿನಷ್ಟು. ಒಂದು ಹೆಚ್ಚಾದರೆ ಚುಕ್ಕೆಗಿಂತ ಮೊದಲು ಮೀನು ಹೋಗುತ್ತದೆ. ಸಾಸಿವೆ ಕಾಳನ್ನು ತೂಗುವ ತಕ್ಕಡಿ ಮಂಡಿಯಲ್ಲಿರಲಿಲ್ಲ. ಅಳೆಯದೆ ಏನನ್ನೂ ಮಾಡಲಾಗದವಳು ನಾನು. ಕಾಫಿಗೆ ಸಕ್ಕರೆ ಹಾಕುವಾಗಲೂ ಚಮಚವನ್ನು ಬೆರಳಿನಿಂದ ಸವರಿ ಮಟ್ಟ ಮಾಡುತ್ತೇನೆ. ಮೈಲುತುತ್ತ ಕೊಟ್ಟಿಗೆಗೆ ಹಿಂದಿರುಗಿತು.

ತೋತಾಪುರಿ ಆ ಮಧ್ಯಾಹ್ನ ಓರೆಯಾಗಿ ಈಜತೊಡಗಿತು. ಅಜ್ಜಿ ಎಲೆಯಡಿಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಯಿತು. ಕರಾವಳಿ ನನ್ನ ಕಣ್ಣೆದುರಿಗೇ ಪಕ್ಕಕ್ಕೆ ವಾಲುತ್ತಿತ್ತು.

ಹಾಗೆ ತೊಟ್ಟಿಯ ಮುಂದೆ ಕೂತಿದ್ದಾಗ ಕಂಡದ್ದು, ಗಾಜಿನ ಅಂಚಿನಲ್ಲಿ ಒಂದು ಬಿಳಿಯ ಗೆರೆ. ಚಿಕ್ಕಮ್ಮ ದಿನವೂ ಅದನ್ನು ರಂಗೋಲಿ ಪುಡಿ ಎಂದುಕೊಂಡು ಒರೆಸುತ್ತಿದ್ದಳು. ದಿನವೂ ಅದು ಮತ್ತೆ ಬರುತ್ತಿತ್ತು. ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಬೆರಳಿನಿಂದ ತೆಗೆದು ನಾಲಗೆಗೆ ಹಚ್ಚಿದೆ. ಉಪ್ಪು. ನಮ್ಮ ಬೇಸಿಗೆಗೆ ತೊಟ್ಟಿಯ ನೀರು ದಿನವೂ ಬೆರಳಗಲ ಇಂಗುತ್ತಿತ್ತು. ಇಂಗಿದಷ್ಟನ್ನು ಯಾವುದರಿಂದ ತುಂಬಿಸುತ್ತೀರಿ ಎಂದು ಚಿಕ್ಕಪ್ಪನನ್ನು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇನ್ಯಾವುದರಿಂದ? ಕ್ಯಾನುಗಳಿಂದ ಹಿತ್ತಲಿನ ಡ್ರಮ್ಮಿಗೆ ಸುರಿದಿಟ್ಟ ಸಮುದ್ರದ ನೀರಿನಿಂದ. ಉಪ್ಪಿನ ಪದಾರ್ಥಕ್ಕೆ ಯಾರಾದರೂ ಸಪ್ಪೆ ನೀರು ಹಾಕುತ್ತಾರೆಯೇ? ಅವನು ಜಾಡಿಗಳ ನೆರಳಿನಲ್ಲಿ ಬೆಳೆದವನು. ಪಾಠವನ್ನು ಅಕ್ಷರ ಬಿಡದೆ ಪಾಲಿಸಿದ್ದ.

ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹೋದ ನೀರಿನ ಜಾಗಕ್ಕೆ ಮತ್ತೆ ಉಪ್ಪಿನ ನೀರು. ಅದರ ಮೇಲೆ ಅಜ್ಜಿಯ ಕಲ್ಲುಪ್ಪು. ನಾವು ಮೂರು ಜೀವಂತ ಮೀನುಗಳನ್ನು ಉಪ್ಪಿನಕಾಯಿ ಹಾಕುತ್ತಿದ್ದೆವು. ಬಲ ಕುಗ್ಗಿದ ಮೈಗೆ ಚುಕ್ಕೆಯ ಕಾಯಿಲೆ ಸುಲಭವಾಗಿ ಹತ್ತಿತ್ತು.

ಇದು ಹೊಳೆದಾಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಮೀನುಗಳು ಸಾಯುತ್ತಿದ್ದವು, ನಾನು ನಡುಮನೆಯಲ್ಲಿ ಒಬ್ಬಳೇ ನಗುತ್ತಿದ್ದೆ. ಆದರೆ ಅಜ್ಜಿಯ ಮುಂದೆ ಹೋಗಿ ಹೊಳೆಯಿತು ಎಂದರೆ ಆಗುವುದಿಲ್ಲ. ಅಳತೆ ಬೇಕು. ನೀರು ಎಷ್ಟು ಉಪ್ಪಾದರೆ ಅಷ್ಟು ಭಾರ. ಭಾರವನ್ನು ಅಳೆಯುವ ಸಾಧನ ಶ್ರೀನಿವಾಸಪುರದಲ್ಲಿ ಎಲ್ಲಿದೆ?

ಹಾಲಿನ ಡೈರಿಯಲ್ಲಿದೆ. ಮರುದಿನ ಬೆಳಿಗ್ಗೆ ಹಾಲು ಹಾಕುವ ಹೆಂಗಸರ ಸಾಲಿನಲ್ಲಿ ನಾನು ಕ್ಯಾರಿಯರ್ ಹಿಡಿದು ನಿಂತೆ. ಮೇಲಿನ ಡಬ್ಬಿಯಲ್ಲಿ ಡ್ರಮ್ಮಿನ ಸಮುದ್ರ, ಕೆಳಗಿನ ಡಬ್ಬಿಯಲ್ಲಿ ತೊಟ್ಟಿಯ ಸಮುದ್ರ. ಸೆಕ್ರೆಟರಿ ನಂಜುಂಡಪ್ಪನವರಿಗೆ ವಿವರಿಸುವಷ್ಟರಲ್ಲಿ ನನ್ನ ಕಿವಿ ಕೆಂಪಾಗಿತ್ತು. ಅವರು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅಷ್ಟು ವರ್ಷಗಳಲ್ಲಿ ಅವರ ಮುಂದೆ ಹಾಲೆಂದು ಬಂದ ದ್ರವಗಳನ್ನು ನೋಡಿದವರಿಗೆ ಇದು ದೊಡ್ಡ ವಿಷಯವಾಗಿರಲಿಲ್ಲವೇನೋ. ಮೊದಲ ಡಬ್ಬಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟರು. ಅದು ತೂಗಾಡಿ, ಹಾಲಿನ ಗೆರೆಗಿಂತ ಸ್ವಲ್ಪ ಮುಳುಗಿ ನಿಂತಿತು.

"ಇದಕ್ಕೆ ಒಂದ್ ಲೋಟ ನೀರು ಬಿದ್ದೈತೆ," ಎಂದರು. "ಪರವಾಗಿಲ್ಲ, ಈ ಸಾಲಲ್ಲಿರೋ ಕೆಲವರ ಹಾಲಿಗಿಂತ ವಾಸಿ."

ಸಾಲಿನಲ್ಲಿ ನಗು ಹರಿಯಿತು, ಒಂದಿಬ್ಬರು ನಗಲಿಲ್ಲ. ಎರಡನೆಯ ಡಬ್ಬಿಯಲ್ಲಿ ಇಳಿಬಿಟ್ಟರು. ಲ್ಯಾಕ್ಟೋಮೀಟರ್ ಮುಳುಗಲು ಒಪ್ಪಲಿಲ್ಲ. ಕತ್ತು ಪೂರ್ತಿ ಮೇಲೆತ್ತಿಕೊಂಡು, ಹಾಲಿನ ಗೆರೆಯನ್ನೂ ನೀರಿನಾಚೆಗೆ ಎತ್ತಿ ತೋರಿಸಿಕೊಂಡು ತೇಲಿತು. ನಂಜುಂಡಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು ಯಾವ ಎಮ್ಮೇದಮ್ಮ?"

ನಾನು ಅವತ್ತು ಡೈರಿಯಲ್ಲಿ, ಅಷ್ಟು ಜನರ ನಡುವೆ, ಗಟ್ಟಿಯಾಗಿ ನಕ್ಕೆ. ನನ್ನನ್ನು ಬಲ್ಲವರು ಈಗಲೂ ಇದನ್ನು ನಂಬುವುದಿಲ್ಲ. ಲ್ಯಾಕ್ಟೋಮೀಟರನ್ನು ಕೇಳಿ ಪಡೆದು, ಕ್ಯಾರಿಯರ್ ಚೆಲ್ಲದಂತೆ ಹಿಡಿದು, ಮಂಡಿಗಳ ಬೀದಿಯಲ್ಲಿ ಹಣ್ಣಿನ ಗಾಡಿಗಳ ನಡುವೆ ಓಡಿದೆನೋ ನಡೆದೆನೋ ಗೊತ್ತಿಲ್ಲ. ಮಾವಿನ ವಾಸನೆ ತಲೆಗೇರಿತ್ತು.

ಅಜ್ಜಿಯ ಮುಂದೆ ಎರಡು ಡಬ್ಬಿಗಳನ್ನೂ ಇಟ್ಟು ತೇಲಿಸಿ ತೋರಿಸಿದೆ. ಅವಳು ನೋಡಿದಳು, ಒಪ್ಪಲಿಲ್ಲ. ಗಾಜಿನ ಕೊಳವೆಯ ಮಾತು ಕೇಳಿ ಉಪ್ಪಿನ ಪದಾರ್ಥಕ್ಕೆ ನೀರು ಹಾಕುವುದೇ? ಈ ಮನೆಯಲ್ಲಿ? ಚಿಕ್ಕಪ್ಪ ಅವಳ ಹಿಂದೆ ನಿಂತು ತಲೆ ಆಡಿಸಿದ. ಚಿಕ್ಕಮ್ಮ ಬೇವಿನ ಸೊಪ್ಪು ಸರಿಪಡಿಸಿದಳು. ಮೂವರೂ ಸೇರಿ ನನ್ನನ್ನು ಒದ್ದೆ ಕೈಯವಳ ಹಾಗೆ ನೋಡಿದರು. ತೊಟ್ಟಿಯಲ್ಲಿ ತೋತಾಪುರಿ ತಳಕ್ಕೆ ಇಳಿದು ಒಂದು ಪಕ್ಕಕ್ಕೆ ಒರಗಿತ್ತು. ಆಗ ನನಗೆ ಎಂ.ಎಸ್ಸಿ. ಬಿಟ್ಟು ಬೇರೆಯದು ನೆನಪಾಯಿತು. ಪ್ರತಿ ವರ್ಷ ಅಜ್ಜಿ ಮಾವಿನ ಹೋಳುಗಳಿಗೆ ಉಪ್ಪು ಬೆರೆಸಿ, ಅವು ಬಿಟ್ಟ ರಸವನ್ನು ಬೇರೆ ಬಟ್ಟಲಿಗೆ ಬಸಿದು, ಮಹಡಿಯ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ಕಾಗೆ ಕಾಯುವ ಕೆಲಸ ಚಿಕ್ಕಂದಿನಿಂದ ನನ್ನದು.

"ಅಜ್ಜಿ, ಬಿಸಿಲಿಗೆ ಇಟ್ಟ ಮಾವಿನ ರಸ ಸಂಜೆ ಹೊತ್ತಿಗೆ ಏನಾಗುತ್ತೆ?"

"ಇಂಗ್ತದೆ."

"ಉಪ್ಪು?"

 ಅಜ್ಜಿಯ ನಾಲಗೆ ಬಾಯೊಳಗೆ ಆ ರಸವನ್ನು ನೆನಪು ಮಾಡಿಕೊಳ್ಳುವುದು ಕೆನ್ನೆಯ ಮೇಲೆ ಕಾಣುತ್ತಿತ್ತು. ಬೆಳಗಿನ ರಸ, ಸಂಜೆಯ ರಸ, ಮೂರನೆಯ ದಿನದ ರಸ. ಬಟ್ಟಲ ಅಂಚಿನಲ್ಲಿ ಕಟ್ಟುವ ಬಿಳಿಯ ಗೆರೆ. ಅವಳ ಕಣ್ಣು ತೊಟ್ಟಿಯ ಅಂಚಿಗೆ ಹೋಯಿತು, ಅಲ್ಲಿಂದ ತೋತಾಪುರಿಗೆ ಇಳಿಯಿತು.

"ಅಯ್ಯೋ, ನಮ್ಮಪ್ಪ," ಎಂದಳು ಮೀನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಮೊದ್ಲೇ ಬಾಯಿಬಿಟ್ಟು ಹೇಳಾಕೆ ಏನಾಗಿತ್ತು ನಿಂಗೆ? ಹೋಗು, ಸಿಹಿ ನೀರು ತಾ."

ತಂದೆ. ಮೊದಲು ಮೀನುಗಳಿಗೆ ಸಿಹಿನೀರಿನ ಸ್ನಾನ. ಸಮುದ್ರದ ಮೀನನ್ನು ಸ್ವಲ್ಪ ಹೊತ್ತು ಸಿಹಿನೀರಿನಲ್ಲಿ ಬಿಟ್ಟರೆ ಮೈಮೇಲಿನ ಉಪದ್ರವಗಳು ಎಷ್ಟೋ ಉದುರುತ್ತವೆ, ಮೀನು ತಡೆದುಕೊಳ್ಳುತ್ತದೆ. ಹೊತ್ತು ಮೀರಿದರೆ ಮೀನೂ ಹೋಗುತ್ತದೆ. ಬೇಸಿನ್ನಿನಲ್ಲಿ ನೀರು, ಎರಡೂ ಕಡೆಯ ನೀರ ಬಿಸಿ ಒಂದೇ ಇದೆಯೇ ಎಂದು ಮೊಣಕೈ ಅದ್ದಿ ನೋಡಿದೆ. ಎಷ್ಟು ಹೊತ್ತು ಎಂದು ಅಜ್ಜಿ ಕೇಳಿದಳು. ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ, ಬಾಯಿಗೆ ಇಡುವಷ್ಟು ಎಂದೆ. ಆ ಅಳತೆ ಅಜ್ಜಿಗೆ ಒಪ್ಪಿಗೆಯಾಯಿತು. ಸೇಂದೂರಕ್ಕೆ ಒಂದು ಎಲೆ, ನೀಲಂಗೆ ಒಂದು ಎಲೆ. ತೋತಾಪುರಿಯ ಸರದಿಯಲ್ಲಿ ಅದು ಬೇಸಿನ್ನಿನ ತಳದಲ್ಲಿ ಮಲಗಿಯೇಬಿಟ್ಟಿತು. ಚಿಕ್ಕಮ್ಮ ಮಾರಮ್ಮನ ಹೆಸರು ಹೇಳತೊಡಗಿದಳು.  ಜೀವಮಾನದಲ್ಲಿ ಮೊದಲ ಬಾರಿ ಅಜ್ಜಿ ಅಡಿಕೆ ಇಡದೆ ಬರೀ ಸುಣ್ಣದೆಲೆ ಮಡಿಸಿ ಬಾಯಿಗೆ ಇಟ್ಟುಕೊಂಡು, ಬಾಯಿ ಸುಟ್ಟುಕೊಂಡು, ತೆಗಿ ತೆಗಿ ಎಂದು ಕೈಸನ್ನೆ ಮಾಡಿದಳು. ತೆಗೆದೆ. ಅಷ್ಟರಲ್ಲಿ ಚಿಕ್ಕಪ್ಪ ನನ್ನ ಮಾತಿನಂತೆ ತೊಟ್ಟಿಯ ಗಟ್ಟಿ ನೀರು ಒಂದಷ್ಟು ತೆಗೆದು ಸಿಹಿನೀರು ಬೆರೆಸಿದ್ದ. ತೋತಾಪುರಿ ಅದರಲ್ಲಿ ಒಂದು ಸುತ್ತು ಓರೆಯಾಗಿ, ಇನ್ನೊಂದು ಸುತ್ತು ಅರೆ ಓರೆಯಾಗಿ ಈಜಿತು. ಮೂರನೆಯದನ್ನು ನೋಡಲು ಅಜ್ಜಿ ನನ್ನ ಭುಜ ಹಿಡಿದು ಎದ್ದು ನಿಂತಳು.

ನೀರನ್ನು ನಿಧಾನವಾಗಿ, ದಿನಕ್ಕೆ ಸ್ವಲ್ಪ ಸ್ವಲ್ಪ ತೆಳುಮಾಡುವುದು ನನ್ನ ಯೋಜನೆ. ಡ್ರಮ್ಮಿನ ಸಮುದ್ರದಷ್ಟಾದಾಗ ನಿಲ್ಲಿಸಬೇಕು. ಆದರೆ ಹೊಸದಾಗಿ ದೀಕ್ಷೆ ಪಡೆದವರ ಭಕ್ತಿ ನಿಮಗೆ ಗೊತ್ತಲ್ಲ. ಅಜ್ಜಿ ತೊಟ್ಟಿಯನ್ನು ದಾಟಿ ಹೋಗುವಾಗಲೆಲ್ಲ ಒಂದು ಲೋಟ ಸಿಹಿನೀರು ಹುಯ್ಯತೊಡಗಿದಳು. ನಾನು ಬೆಳಿಗ್ಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಅದು ಹಾಲಿನ ಗೆರೆ ದಾಟಿ, ಡ್ರಮ್ಮಿನ ಗುರುತೂ ದಾಟಿ, ನೀರಿನ ಗೆರೆಯ ಕಡೆಗೆ ಮುಳುಗುತ್ತಾ ಹೋಯಿತು. ನಂಜುಂಡಪ್ಪನವರು ಆ ಹಾಲನ್ನು ಖಂಡಿತ ವಾಪಸ್ಸು ಕಳಿಸುತ್ತಿದ್ದರು. ನಾನು ಹೆದರಿದೆ, ಬೇಡಿದೆ, ಲೋಟ ಬಚ್ಚಿಟ್ಟೆ. ಅಜ್ಜಿ ಚೊಂಬು ಹಿಡಿದಳು. ಮೀನುಗಳು ಮಾತ್ರ ದಿನದಿನಕ್ಕೆ ಚುಕ್ಕೆ ಕಳಚಿಕೊಂಡು, ಬಣ್ಣ ತುಂಬಿಕೊಂಡು, ಎರೆಹುಳುವಿಗೆ ಜಗಳವಾಡತೊಡಗಿದವು. ಆ ಹಾಳು ಜೀವಿ ತೆಳು ನೀರಿನಲ್ಲಿ ಬದುಕಲಾರದು, ಮೀನು ಬದುಕಬಲ್ಲದು ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ಅಜ್ಜಿ ಕಾಯಿಲೆ ತಂದ ಉತ್ಸಾಹದಲ್ಲೇ ಕಾಯಿಲೆ ವಾಸಿ ಮಾಡಿದ್ದಳು.

ಒಂದು ಮಧ್ಯಾಹ್ನ ತೋತಾಪುರಿ ಗಾಜಿಗೆ ಮೂತಿ ತಾಗಿಸಿ ಬಾಯಿ ಆಡಿಸಿತು. ಚಿಕ್ಕಮ್ಮ ಬೇವಿನ ಸೊಪ್ಪು ಕಿತ್ತು, ಅಮ್ಮನಿಗೆ ಮೊಸರನ್ನ ಇಟ್ಟು ಕಳಿಸಿಕೊಟ್ಟು, ಅಡುಗೆಮನೆಗೆ ಓಡಿದಳು. ಎಣ್ಣೆ ಕಾಯ್ದು ಸಾಸಿವೆ ಚಟಪಟ ಸಿಡಿದ ಶಬ್ದಕ್ಕೆ ಚಿಕ್ಕಪ್ಪ ಮಂಡಿಯಿಂದ ಎದ್ದು ಬಂದ. ಘಾಟಿಗೆ ಎಲ್ಲರೂ ಕೆಮ್ಮಿದೆವು. ಅಷ್ಟು ಸಂತೋಷದ ಕೆಮ್ಮನ್ನು ನಾನು ಮತ್ತೆ ಕೇಳಿಲ್ಲ.

ಊಟವಾದ ಮೇಲೆ ನಾನು ಕರಾವಳಿಯ ಮಾತು ತೆಗೆದೆ. ಮಾತಾಡೋಣ ಅಂದಿದ್ದೆನೇ ಹೊರತು ಹೂಂ ಅಂದಿರಲಿಲ್ಲವಲ್ಲ ಎಂದಳು ಅಜ್ಜಿ. ಮಾತು ನಿಜ.  ಸ್ವಲ್ಪ ಹೊತ್ತಿನ ಮೇಲೆ ಅವಳೇ, ಎಂತಹ ನೀರೋ ಏನೋ, ಕಣ್ಣಾರೆ ನೋಡದೆ ಹೇಗೆ ಹೇಳುವುದು ಎಂದು ತೊಟ್ಟಿಗೆ ಹೇಳಿದಳು.

ಹೀಗೆ, ಬೆಂಗಳೂರಿನಿಂದಾಚೆಗೆ ಕಾಲಿಡದ ಅಜ್ಜಿ ನನ್ನ ಮತ್ತು ಚಿಕ್ಕಪ್ಪನ ಜೊತೆ ಕರಾವಳಿಯ ಬಸ್ಸು ಹತ್ತಿದಳು. ಡೈರಿಯ ಕೊಳವೆಯನ್ನು ನಂಜುಂಡಪ್ಪನವರಿಗೆ ಒಪ್ಪಿಸಿ, ಚಿಕ್ಕಪ್ಪ ಕೋಲಾರದಿಂದ ನನಗೊಂದು ಹೊಸದು ತಂದುಕೊಟ್ಟಿದ್ದ. ಅದು ಸೀರೆಯಲ್ಲಿ ಸುತ್ತಿಸಿಕೊಂಡು ನನ್ನ ಚೀಲದಲ್ಲಿತ್ತು. ಘಟ್ಟ ಇಳಿದ ಮೇಲೆ ಬಸ್ಸು ತುಂಬಿದ ಹೊಳೆಯೊಂದರ ಸೇತುವೆ ದಾಟಿತು. ಕೆರೆ, ಬಾವಿ ಬಿಟ್ಟು ಬೇರೆ ನೀರು ಕಾಣದ ಅಜ್ಜಿ ಕಿಟಕಿಯಿಂದ ತಲೆ ಹೊರಗಿಟ್ಟು, ಇಷ್ಟೊಂದು ನೀರು ಎಲ್ಲಿಗೆ ಹೋಗುತ್ತದೆ ಎಂದಳು. ಸಮುದ್ರಕ್ಕೆ ಎಂದೆ. ಇನ್ನೊಂದು ಹೊಳೆ ಬಂತು. ಇದೂ? ಇದೂ ಅಜ್ಜಿ. ಮೂರನೆಯದಕ್ಕೆ ಅವಳು ಕೇಳಲಿಲ್ಲ. ಸೀಟಿಗೆ ಒರಗಿ, ಸರಿ, ಯಾರೋ ತಿಳಿದವರೇ ನೋಡಿಕೊಳ್ಳುತ್ತಿದ್ದಾರೆ ಎಂದಳು.

ಸಮುದ್ರದ ಮುಂದೆ ಹೋಗಿ ನಿಂತೆವು. ಮೋಡ ಕವಿದಿತ್ತು. ಅಜ್ಜಿ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಅಲೆಯ ಅಂಚಿನವರೆಗೆ ಒಬ್ಬಳೇ ನಡೆದುಹೋದಳು. ನನ್ನ ಎದೆ ತೋತಾಪುರಿಯ ಕಿವಿರಿನ ಹಾಗೆ ಬಡಿಯುತ್ತಿತ್ತು. ನಾನು ಚೀಲಕ್ಕೆ ಕೈಹಾಕಿ ಲ್ಯಾಕ್ಟೋಮೀಟರ್ ತೆಗೆಯಲು ಹೋದೆ. ಅಜ್ಜಿ ತಿರುಗಿ ನೋಡದೆಯೇ ಕೈ ಎತ್ತಿ ಬೇಡವೆಂದಳು. ಬಗ್ಗಿ, ಕೈ ಒಣಗಿದೆಯೇ ಎಂದು ಅಭ್ಯಾಸಬಲದಿಂದ ಸೆರಗಿಗೆ ಒಮ್ಮೆ ಒರೆಸಿಕೊಂಡು, ಬೆರಳನ್ನು ಸಮುದ್ರಕ್ಕೆ ಅದ್ದಿ ನಾಲಗೆಯ ಮೇಲಿಟ್ಟಳು. ಕಣ್ಣು ಮುಚ್ಚಿದಳು. ಹೊಸ ಜಾಡಿಯನ್ನು ಮೊದಲ ಬಾರಿ ತೆರೆದಾಗ ಅವಳು ಕಣ್ಣು ಮುಚ್ಚುತ್ತಿದ್ದದ್ದು ಹೀಗೆಯೇ.

"ಹದವಾಗೈತೆ," ಎಂದಳು. ಮತ್ತೆ ನನ್ನ ಕಡೆ ತಿರುಗಿದಳು. "ಯಾರಾದ್ರೂ ಬಂದು ಇದಕ್ಕೆ ಉಪ್ಪು ಗಿಪ್ಪು ಹಾಕಾಕೆ ಹೊಂಟ್ರೆ ಬಿಡ್ಬೇಡ ಪಾಪ. ಇಲ್ಲೇ ಇದ್ದು ನೋಡ್ಕೋ."